ಹುಲಿಯ ಪಾಲು

ಹುಲಿ ಬಂದೈತೆ ಅಂತ ನಮ್ಮ ಹಟ್ಟಿಯೋರಿಗೆ ಮೊದಲು ಹೇಳಿದ್ದೇ ನಾನು. ಒಬ್ರಾದ್ರೂ ನಂಬ್ಬೇಕಲ್ಲ! "ಯಶೋದಿ, ಕಾಕಿ ಹಾಕ್ಕಂಡ ಮ್ಯಾಲೆ ನಿಂಗೆ ಬೆಕ್ಕೂ ಹುಲಿ ಹಂಗೆ ಕಾಣ್ತೈತೇನೇ?" ಅಂತ ನಕ್ಕರು. ಜೋಗಿಮಟ್ಟಿ ಕಾಡಿನಾಗೆ ಕರಡಿ ಅವೆ, ಚಿರತೆ ಅವೆ, ಹುಲಿ ಎಲ್ಲೈತೆ, ಅದು ಅಜ್ಜಂದಿರ ಕಾಲಕ್ಕೇ ಮುಗೀತು ಅಂತ ಅವ್ರ ವಾದ. ನಾನು ಫಾರೆಸ್ಟ್ ಗಾರ್ಡು. ಈ ಗುಡ್ಡದ ಬುಡದಾಗಿನ ಹಟ್ಟಿಯಾಗೇ ಹುಟ್ಟಿ, ಕುರಿ ಹಿಂದೆ ತಿರುಗಾಡಿ, ಆಮೇಲೆ ಪರೀಕ್ಷೆ ಬರ್ದು ಕೆಲ್ಸ ತಗಂಡಾಕಿ. ನಮ್ಮೋರೇ ನಕ್ಕರೆ ಮೈ ಉರಿಯಲ್ವಾ? ಫೋನ್ ತೆಗ್ದು ಅವ್ರ ಮೂಗಿಗೇ ಹಿಡಿದೆ. ಕಾಡಿನಾಗೆ ಮರಕ್ಕೆ ಕಟ್ಟಿದ್ದ ಕ್ಯಾಮೆರಾದಾಗೆ ಬಿದ್ದ ಫೋಟೋ. ಪಟ್ಟೆ ಪಟ್ಟೆ ಮೈ, ಅಗಲ ಮುಖ, ಪ್ರಾಯದ ಗಂಡು. ನಕ್ಕೋರೇ ಫೋನ್ ಇಸ್ಕಂಡು ಮತ್ತೆ ಮತ್ತೆ ನೋಡಿದ್ರು.

ಭದ್ರಾ ಕಡೆ ಕಾಡಿಂದ ಬಂದಿರ್ಬೇಕು ಅಂದ್ರು ನಮ್ಮ ರೇಂಜರ್ ನಾಗಭೂಷಣ ಸಾಹೇಬ್ರು. ಅಲ್ಲಿ ದೊಡ್ಡ ಗಂಡು ಗದರಿಸಿ ಓಡಿಸಿದ್ರೆ ಪ್ರಾಯದವು ಜಾಗ ಹುಡ್ಕಂಡು ಹಿಂಗೆ ಹೊರಟುಬಿಡ್ತಾವಂತೆ. ಹೊಸದುರ್ಗದ ಗುಡ್ಡ ಹತ್ತಿ ಇಳಿದು, ಹೊಳಲ್ಕೆರೆ ಕಡೆ ಮೆಕ್ಕೆಜೋಳದ ಹೊಲದಾಗೆ ಅಡಗಿ, ರೈಲು ಹಳಿ ದಾಟಿ, ಕರೆಂಟು ತಯಾರ್ಸೋ ಗಾಳಿ ಫ್ಯಾನು ಗಿರಗಿರ ಅನ್ನೋ ಗುಡ್ಡದ ಕೆಳಗೆ ಹಾದು ಬಂದೈತೆ ಮಹರಾಯ. ಇಷ್ಟು ದೂರ ಬಂದ್ರೂ ಒಬ್ಬರ ಕಣ್ಣಿಗೂ ಬಿದ್ದಿಲ್ಲ. ಆದ್ರೆ ಇನ್ನು ಮುಂದೆ ದಾರಿ ಇಲ್ಲ. ಮುಂದಕ್ಕೆ ಹೋದ್ರೆ ಹೈವೇ, ಲಾರಿ ಗಾಲಿಗೆ ಸಿಕ್ಕು ಸಾಯ್ತೈತೆ. ಊರೊಳಗೆ ನುಗ್ಗಿದ್ರೆ ಜನ ಬಡಿದು ಸಾಯಿಸ್ತಾರೆ. ಹೊಟ್ಟೆ ತುಂಬ್ಕಂಡು, ಬಂದ ದಾರಿಗೆ ಸದ್ದಿಲ್ದಂಗೆ ವಾಪಸ್ ಹೋದ್ರೆ ಮಾತ್ರ ಬದುಕ್ತೈತೆ.

"ಅದು ಹಸಿಬಾರ್ದು, ಬೆದರಬಾರ್ದು. ಇಷ್ಟೇ ನಮ್ಮ ಕೆಲ್ಸ ಯಶೋದಾ," ಅಂದ್ರು ಸಾಹೇಬ್ರು.

ಇಷ್ಟೇ ಅಂತೆ! ಅವ್ರಿಗೇನು, ಜೀಪ್ ಹತ್ಕಂಡು ಚಿತ್ರದುರ್ಗಕ್ಕೆ ಹೋಗ್ತಾರೆ. ಹಟ್ಟಿಯೋರ ಬಾಯಿಗೆ ಬೀಳೋಳು ನಾನು.

ಅದು ಮೊದಲು ಕೈ ಹಾಕಿದ್ದು ನಮ್ಮಣ್ಣ ಬೀರೇಶನ ಕುರಿಗೇ. ಹಾಡಹಗಲು, ಹಳ್ಳದ ದಂಡೇಲಿ. ಅವ್ನು ಕೂಗಿ, ಕಲ್ಲು ಬೀರಿ, ನಾಯಿ ಛೂ ಬಿಟ್ಟು ಬಿಡಿಸ್ಕಂಡ. ಸತ್ತ ಕುರಿ ಹೆಗಲ ಮ್ಯಾಲೆ ಹಾಕ್ಕಂಡು ಬಂದು, ಸುಲಿದು, ಹಟ್ಟಿಗೆಲ್ಲ ಹಂಚಿದ. ನಮ್ಮೋರ ಪದ್ಧತಿಯೇ ಅದು. ತೋಳ ಹಿಡೀಲಿ, ಚಿರತೆ ಹಿಡೀಲಿ, ಬಾಯಿಂದ ಕಸ್ಕಂಡು ಬರ್ಬೇಕು, ಬರ್ದೇ ಇದ್ದೋನು ಕುರಿಗಾರನೇ ಅಲ್ಲ ಅಂತಾರೆ. ಆಮ್ಯಾಲೆ ಚಿತ್ರಲಿಂಗಪ್ಪ ಮಾವನ ಮಂದೆಯಾಗೆ ಒಂದು ಹಿಡೀತು. ಅವ್ರೂ ಬಿಡಿಸ್ಕಂಡು ಬಂದು ಸಾರು ಮಾಡ್ಕಂಡ್ರು. ಕೈಗೆ ಬಂದ ತುತ್ತು ಬಾಯಿಗೆ ಬರ್ದಿದ್ರೆ ಮನುಷ್ಯನಿಗೇ ತಲೆ ಕೆಡ್ತೈತೆ, ಅದು ಹುಲಿ.

ಬೀರಪ್ಪನ ಗುಡಿ ಕಟ್ಟೆ ಮ್ಯಾಲೆ ಎಲ್ಲರನ್ನೂ ಕೂಡಿಸಿದ್ವಿ. ಸಾಹೇಬ್ರೂ ಬಂದಿದ್ರು. "ನೋಡ್ರಿ, ನೀವು ಕಸ್ಕಂಡಷ್ಟೂ ಅದು ಇನ್ನೊಂದು ಹಿಡೀತೈತೆ," ಅಂತ ನಾನು ಗಂಟಲು ಹರ್ಕಂಡೆ. "ಹಿಡಿದ ಕುರೀನ ಅಲ್ಲೇ ಬಿಡ್ರಿ. ಪರಿಹಾರ ನಾನು ಕೊಡುಸ್ತೀನಿ. ತಿಂದು ಅದರ ಪಾಡಿಗೆ ಅದು ಹೋಗ್ಲಿ."

ಬೀರೇಶ ಎದ್ದು ನಿಂತ. ನಮ್ಮಣ್ಣನ ಸಿಟ್ಟು ನಂಗೂ ಐತೆ, ಒಂದೇ ಹೊಟ್ಟೆಯಾಗೆ ಹುಟ್ಟಿದ್ದಲ್ಲ. "ಏನಮ್ಮ ತಾಯಿ, ನಿನ್ನ ಹುಲಿ ಸಾಕಾಕೆ ನನ್ನ ಕುರಿ ಬೇಕಾ? ಇನ್ನೊಂದು ಕುರಿ ಮುಟ್ಲಿ, ಔಷಧಿ ಹಾಕಿ ಮಲಗಿಸ್ತೀನಿ! ಯಾವ ಸರ್ಕಾರ ಬರ್ತೈತೋ ಬರ್ಲಿ!" ಅಂತ ತೊಡೆ ತಟ್ಟಿದ. ಹುಡುಗ್ರೆಲ್ಲ ಹೋ ಅಂತ ಕೂಗಿದ್ರು. ಯಾರೋ ಫೋನಿನಾಗೆ ಹಿಡ್ಕಂಡ್ರು. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರೆ. ಈಗಿನ ಕಾಲದಾಗೆ ಆಡಿದ ಮಾತು ಹೋಗಲ್ಲ, ಎಲ್ಲರ ಫೋನಿನಾಗೂ ಕುಂತಿರ್ತೈತೆ.

ಮನೆಗೆ ಬಂದ್ರೆ ಅವ್ವ ಕುರಿ ರೊಪ್ಪದಾಗೆ ಮರಿ ನೋಡ್ಕಂತಾ ಕುಂತಿದ್ಲು. ನಮ್ಮವ್ವ ಗಿರಿಯಮ್ಮಗೆ ಮಂಡಿ ನೋವು, ಕುರಿ ಹಿಂದೆ ಹೋಗೋದು ಬಿಟ್ಟವ್ಳೆ. ಆದ್ರೆ ಈದ ಕುರಿ, ಎಳೇ ಮರಿ ಎಲ್ಲ ಅವ್ಳದೇ ರಾಜ್ಯ. ಹುಟ್ಟಿದ ಮರಿ ಮ್ಯಾಲೆ ಬಿದಿರು ಮಕ್ಕರಿ ಬೋರಲು ಹಾಕಿ, ಸುತ್ತ ಇರುವೆ ಪುಡಿ ಉದುರುಸ್ತಾಳೆ, ರಂಗೋಲಿ ಹಾಕ್ದಂಗೆ ದುಂಡಗೆ. ಯಾಕಂದ್ರೆ ಕೆಂಜಿಗ ಮುತ್ತಿದ್ರೆ ಎಳೇ ಮರಿ ಉಳಿಯಲ್ಲ, ಮೊದಲು ಕಣ್ಣಿಗೇ ಹತ್ತಾವೆ. ಆ ಪುಡಿ ಅಂಗಡೀದಲ್ಲ. ಬೀರೇಶ ಕಡ್ಲೆಕಾಯಿ ಹೊಲಕ್ಕೆ ತಂದ ಗುಳಿಗೆ ಔಷಧಿ ಕುಟ್ಟಿ, ಒಲೆ ಬೂದಿಗೆ ಬೆರೆಸಿ, ಹಳೇ ಡಬ್ಬಿಗೆ ತುಂಬಿ ಕೊಡ್ತಾನೆ. ಅವ್ವಗೆ ಅದರಾಗೆ ಏನೈತೆ ಅಂತ ಗೊತ್ತಿಲ್ಲ. ಅವ್ಳಿಗದು ಇರುವೆ ಪುಡಿ, ಮರಿ ಉಳಿಸೋ ಪುಡಿ.

"ಏನಂತೆ ನಿಮ್ಮಣ್ಣ? ಕಟ್ಟೆಯಿಂದ ಇಲ್ಲೀತಂಕ ಕೇಳುಸ್ತಿತ್ತು," ಅಂದ್ಲು.

"ಅವ್ನ ತಲೆ. ಹುಲಿ ಸಾಯಿಸ್ತಾನಂತೆ."

"ಸಾಯಿಸ್ತಾನೆ! ಕೋಳಿ ಕುಯ್ಯಾಕೂ ಬ್ಯಾರೇರನ್ನ ಕರೀತಾನೆ," ಅಂತ ನಕ್ಕಳು.

ಸತ್ಯ. ನಮ್ಮಣ್ಣನ ಬಾಯಿ ದೊಡ್ಡದು, ಕೈ ಅಲ್ಲ.

ಎರಡು ಮೂರು ದಿನ ಏನೂ ಸುಳಿವಿಲ್ಲ. ಹೋಯ್ತೇನೋ ಅನ್ಕಂಡೆ. ಅಷ್ಟರಾಗೆ ಒಂದು ಮಧ್ಯಾಹ್ನ ಬೀರೇಶ ಏದುಸಿರು ಬಿಡ್ತಾ ಹಟ್ಟಿಗೆ ಓಡಿ ಬಂದ. ಹುಲಿ ಹಿಡೀತು, ಕರಿಮೂತಿ ಹೋಯ್ತು ಅಂದ. ಕರಿಮೂತಿ ಅಂದ್ರೆ ತಾಯಿ ಸತ್ತ ಮರಿ, ಅವ್ವ ಬಾಟ್ಲಿ ಹಾಲು ಕುಡಿಸಿ, ಮಗ್ಗುಲಾಗೆ ಮಲಗಿಸ್ಕಂಡು ಸಾಕಿದ್ದು. ಅವ್ಳ ಹಿಂದೆ ಅಡಿಗೆ ಮನೇತಂಕ ಬರ್ತಿತ್ತು. ಬೀರೇಶ ಕೋಲು ತಗಂಡು, ನಾಕು ಜನ ಕರ್ಕಂಡು ಬಿಡಿಸ್ಕಂಡು ಬರಾಕೆ ಹೊರಟ. ನಾನು ಅಡ್ಡ ನಿಂತೆ. ನನ್ನ ಮಾತು ಯಾರು ಕೇಳ್ತಾರೆ!

ಆಗ ಅವ್ವ ರೊಪ್ಪದ ಬಾಗಿಲಿಗೆ ಬಂದ್ಲು. "ಲೇ ಬೀರ, ಬ್ಯಾಡ. ಬಿಟ್ಬಿಡು," ಅಂದ್ಲು.

"ಕರಿಮೂತಿ ಅವ್ವ!"

"ಗೊತ್ತಾತು ಬಿಡು. ನಮ್ಮಪ್ಪ ಹೇಳ್ತಿದ್ದ, ಹುಲಿ ಮುಟ್ಟಿದ ಕುರಿ ಹುಲಿ ಪಾಲು. ಕಸ್ಕಂಡ್ರೆ ಇನ್ನೊಂದು ಕೇಳ್ತೈತೆ. ನಿಮ್ಮ ಕಾಲಕ್ಕೆ ಹುಲಿನೇ ಇರ್ಲಿಲ್ಲ, ನಿಮಗೆಲ್ಲಿ ಗೊತ್ತಾಗ್ಬೇಕು. ನನ್ನ ಮಗಳು ಹೇಳಿದ್ದು ಸರಿ ಐತೆ." ಅಷ್ಟು ಹೇಳಿ ಸೆರಗು ಬಾಯಿಗೆ ಇಟ್ಕಂಡ್ಲು. ಕಣ್ಣಾಗೆ ನೀರು. ಚಿತ್ರಲಿಂಗಪ್ಪ ಮಾವ ಸೈತ "ಗಿರಿಯಮ್ಮನೇ ಅಂದ ಮ್ಯಾಲೆ ಮುಗೀತು, ನಡೀರಪ್ಪ" ಅಂತ ಜನ ಚದುರಿಸಿದ್ರು.

ಅವತ್ತು ನಂಗೆ ಎಷ್ಟು ಹೆಮ್ಮೆ ಆತು ಅಂದ್ರೆ, ಅಳು ಬಂತು. ಕೆಲ್ಸಕ್ಕೆ ಸೇರಿದಾಗಿಂದ ಹಟ್ಟಿ ಜನ ನನ್ನ ಮಾತು ಕೇಳಿದ್ದು ಅದೇ ಮೊದಲು. ಸಾಹೇಬ್ರಿಗೆ ಫೋನ್ ಮಾಡ್ದೆ. ಹುಲಿ ದೂರ ಸರಿದಿತ್ತು. ಕರಿಮೂತಿ ಒಂದು ಪೊದೆ ಬುಡದಾಗೆ ಬಿದ್ದಿತ್ತು. ಗುಡ್ಡದ ಕೆಳಗೆ ದಾರಿಯಾಗೆ ನಿಂತು, ಸುದ್ದಿ ಕೇಳಿ ಬೈಕ್ ಮ್ಯಾಲೆ ಬರೋ ಹುಡುಗ್ರನ್ನ ಬೈದು ವಾಪಸ್ ಕಳಿಸ್ತಾ ಇದ್ದೆ. ಭರಮಸಾಗರದಿಂದ ಬೇರೆ ಬಂದಿದ್ವು, ಫೋಟೋ ತೆಗೀಬೇಕಂತೆ ಹುಲೀದು! "ನಿಮ್ಮಪ್ಪನ ಮದುವೆನೇನ್ರೋ ಇಲ್ಲಿ ನಡೀತಿರೋದು, ಹೋಗ್ರೋ," ಅಂತ ಕೋಲು ಎತ್ತಿದೆ.

ಹೊತ್ತು ಇನ್ನೂ ಮ್ಯಾಲೇ ಇತ್ತು. ಅವ್ವ ಕುಂಟ್ತಾ ಬಂದ್ಲು. "ಒಂದು ಸಲ ನೋಡ್ಕಂಡು ಬರ್ತೀನಿ ಕಣೇ. ಸಾಕಿದ್ದು," ಅಂದ್ಲು. ಬ್ಯಾಡ ಅನ್ನಾಕೆ ಬಾಯಿ ಬರ್ಲಿಲ್ಲ. ಹತ್ತಿರದಾಗೇ ಐತೆ, ಬಿರ್ರನೆ ಬಾ ಅಂದೆ. ಹೋಗಿ ಬಂದ್ಲು. ಸೆರಗಿಗೆ ಕೈ ಒರೆಸ್ಕಂತಾ, "ನೆಳ್ಳಾಗೆ ಬಿದ್ದೈತೆ, ಒಳ್ಳೇ ಜಾಗ. ಸಮಾಧಾನವಾಗಿ ತಿನ್ಲಿ," ಅಂದು ಮನೆಗೆ ಹೋದ್ಲು. ಕತ್ತಲಾಗೋ ಮುಂಚೆ ನಾನೂ ಜಾಗ ಬಿಟ್ಟು ಕೆಳಗಿಳಿದೆ.

ಬೆಳಗ್ಗೆ ಎದುರು ಬಂಡೆ ಹತ್ತಿ ದುರ್ಬೀನಿನಾಗೆ ನೋಡ್ದೆ. ಕರಿಮೂತಿ ಇದ್ದ ಜಾಗದಾಗೆ ಇರ್ಲಿಲ್ಲ. ಹುಲಿ ಒಂದಷ್ಟು ದೂರ ಎಳ್ಕಂಡು ಹೋಗಿ, ಹಿಂದಿನ ತೊಡೆಯೆಲ್ಲ ತಿಂದಿತ್ತು. ಎದೆ ಹಗುರಾತು. ಸಾಹೇಬ್ರಿಗೆ ಹೇಳಿದ್ರೆ ಆ ಕಡೆಯಿಂದ ಮಗು ಹಂಗೆ ಕೂಗಿದ್ರು. "ಗೆದ್ವಿ ಯಶೋದಾ! ಇನ್ನು ಅದು ವಾಪಸ್ ಹೋಗ್ತೈತೆ ನೋಡು."

ಓಡೋಡ್ತಾ ಮನೆಗೆ ಬಂದೆ. ಅವ್ವ ರೊಟ್ಟಿ ತಟ್ತಾ ಇದ್ಲು. ಬೀರೇಶ ಬಾಗಿಲಾಗೆ ಕುಂತು ಚಾ ಕುಡೀತಿದ್ದ, ನನ್ನ ಮ್ಯಾಲಿನ ಸಿಟ್ಟು ಇನ್ನೂ ಇಳಿದಿರ್ಲಿಲ್ಲ.

"ತಿಂದೈತಾ?" ಅಂದ್ಲು ಅವ್ವ.

"ತಿಂದೈತವ್ವ. ಚೆನ್ನಾಗಿ ತಿಂದೈತೆ."

"ಇರುವೆ ಹತ್ತಿರ್ಲಿಲ್ಲ ಅಲ್ವಾ?"

ನಂಗೆ ಅರ್ಥ ಆಗ್ಲಿಲ್ಲ. ಯಾವ ಇರುವೆ ಅಂದೆ.

"ಅಯ್ಯೋ, ನಾನು ಹೋಗಿ ನೋಡ್ತೀನಿ, ಕೆಂಜಿಗ ಸಾಲು ಹಿಡಿದು ಬರ್ತಾ ಅವೆ. ಕರಿಮೂತಿ ಕಣ್ಣಿಗೆಲ್ಲ ಮುತ್ತಿದ್ವು. ಹುಲಿ ಪಾಲು ಅಂತ ಬಿಟ್ಟ ಮ್ಯಾಲೆ ಇರುವೆಗೆ ಬಿಡಾಕೆ ಆಗ್ತೈತಾ? ಹಂಗೇ ಆಗ್ತೈತೆ ಅಂತ ಡಬ್ಬಿ ಮಡ್ಲಾಗೆ ಇಟ್ಕಂಡೇ ಹೋಗಿದ್ದೆ. ಮೈ ಮ್ಯಾಲೆಲ್ಲ ಉದುರಿಸಿದೆ, ಹರಿದ ಕಡೆ ಇನ್ನೊಂದೀಟು ಜಾಸ್ತಿ. ಎಲ್ಲ ಸುರಿದು ಬಂದೆ," ಅಂತ ರೊಟ್ಟಿ ತಿರುವಿ ಹಾಕಿದ್ಲು. ಎಷ್ಟು ಸಮಾಧಾನ ಇತ್ತು ಅವ್ಳ ಮುಖದಾಗೆ!

ಬೀರೇಶನ ಕೈಯಾಗಿನ ಲೋಟ ಅಲ್ಲೇ ನಿಂತಿತ್ತು. ಅವ್ನು ನನ್ನ ನೋಡ್ದ, ನಾನು ಅವ್ನ ನೋಡ್ದೆ. ಆ ಪುಡಿ ಕುಟ್ಟಿದ ಕೈ ಅವ್ನದು. ಅದರಾಗೆ ಏನೈತೆ ಅಂತ ಇಬ್ಬರಿಗೂ ಗೊತ್ತು. ಅವ್ವಗೆ ಒಂದು ಮಾತೂ ಹೇಳ್ದೆ ಎದ್ದು ಓಡಿದ್ವಿ. "ರೊಟ್ಟಿ ತಿನ್ದೆ ಎಲ್ಲಿಗ್ರೋ?" ಅಂತ ಅವ್ವ ಹಿಂದಿಂದ ಕೂಗ್ತಿದ್ಲು.

ಎಲ್ಲಿ ಹುಡುಕಾಣ ಅಂತ ಕೇಳೋದೇ ಬ್ಯಾಡ. ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ? ಔಷಧಿ ಹೊಟ್ಟೆಗೆ ಹೋದ ಪ್ರಾಣಿ ನೀರು ಹುಡುಕ್ತೈತೆ. ಗುಡ್ಡದ ಮ್ಯಾಲೆ ಬಂಡೆ ನಡುವೆ ಒಂದು ದೊಣೆ ಐತೆ, ಬ್ಯಾಸಿಗೇಲೂ ನೀರು ಬತ್ತಲ್ಲ. ಅಲ್ಲೇ ಇತ್ತು. ನೀರಿನ ಅಂಚಿಗೆ ಬಿದ್ದಿತ್ತು. ಬಾಯಾಗೆ ನೊರೆ, ಕಾಲು ಸೆಟೆದು ಒದ್ದಾಡ್ತಿತ್ತು, ಮೈಯೆಲ್ಲ ನಡುಕ. ನಾವು ಬಂದದ್ದು ಗೊತ್ತಾಗಿ ತಲೆ ಎತ್ತಾಕೆ ನೋಡ್ತು, ಆಗ್ಲಿಲ್ಲ. ನಾನು ಫೋಟೋದಾಗೆ ಬಿಟ್ರೆ ಹುಲೀನ ಕಣ್ಣಾರೆ ನೋಡಿದ್ದು ಅದೇ ಮೊದಲು, ಹಿಂಗೆ ನೋಡ್ದೆ.

ಸಾಹೇಬ್ರಿಗೆ ಫೋನ್ ಮಾಡ್ದೆ. ಕಾಡುಪ್ರಾಣಿ ಡಾಕ್ಟ್ರು ದೂರದಾಗೆ ಅವ್ರೆ, ಹೊರಟವ್ರೆ, ನೀನು ಹತ್ತಿರ ಹೋಗ್ಬ್ಯಾಡ, ಬರೀ ಕಾಯ್ತಿರು ಅಂದ್ರು. ಕಾಯ್ತಿರು! ಏನು ಕಾಯಲಿ? ಮರಿಗೆ ಹಿಂಗಾಗಿದ್ರೆ ಬಾಯಿ ತೆಗೆದು ಬೆಲ್ಲದ ನೀರೋ, ಮಜ್ಜಿಗೇನೋ, ಏನಾದ್ರೂ ಹೊಯ್ಯಬೌದು. ಹುಲಿ ಬಾಯಿಗೆ ಯಾರು ಕೈ ಹಾಕ್ತಾರೆ? ಕಾಕಿ ಇತ್ತು, ಕೋಲಿತ್ತು, ಫೋನಿತ್ತು, ಒಂದೂ ಕೆಲ್ಸಕ್ಕೆ ಬರ್ಲಿಲ್ಲ. ಬಂಡೆ ಮ್ಯಾಲೆ ನಿಂತು ನೋಡಿದ್ವಿ, ಅಷ್ಟೇ.

ಔಷಧಿ ಹಾಕಿ ಮಲಗಿಸ್ತೀನಿ ಅಂತ ತೊಡೆ ತಟ್ಟಿದ್ದ ನಮ್ಮಣ್ಣ ಟವೆಲ್ ಬಾಯಿಗೆ ತುರುಕ್ಕಂಡು ಅಳ್ತಿದ್ದ. "ಏನಾದ್ರೂ ಮಾಡೇ ಯಶೋದಿ, ಏನಾದ್ರೂ ಮಾಡೇ," ಅಂತಿದ್ದ. ಡಾಕ್ಟ್ರ ಜೀಪು ಗುಡ್ಡದ ಬುಡಕ್ಕೆ ಬರೋ ಹೊತ್ತಿಗೆ ಒದ್ದಾಟ ನಿಂತಿತ್ತು. ಗುಡ್ಡದ ಮ್ಯಾಲೆ ಫ್ಯಾನುಗಳು ತಿರುಗ್ತಾನೇ ಇದ್ವು.

ಜನ ಹತ್ತಿ ಬರೋ ಸದ್ದು ಕೇಳಿ ಬೀರೇಶ ನನ್ನ ತೋಳು ಹಿಡಿದ. "ಅವ್ವಗೆ ಹೇಳ್ಬ್ಯಾಡ. ಗೊತ್ತಾದ್ರೆ ಆ ಜೀವ ಉಳಿಯಲ್ಲ," ಅಂದ.

ಹೊಟ್ಟೆ ಕುಯ್ದು ನೋಡಿ ವಿಷ ಅಂದ್ರು ಡಾಕ್ಟ್ರು. ಉಳಿದಿದ್ದ ಕರಿಮೂತಿ ತುಪ್ಪಳದಾಗೆ ಬೂದಿ ಮೆತ್ತಿತ್ತು, ಅದನ್ನೂ ಚೀಲಕ್ಕೆ ಹಾಕ್ಕಂಡ್ರು. ನಾಗಭೂಷಣ ಸಾಹೇಬ್ರು ಹುಲಿ ಪಕ್ಕ ಕುಂತ್ರು. ಆಮ್ಯಾಲೆ ನನ್ನ ಕಡೆ ತಿರುಗಿ, "ನಿಮ್ಮಣ್ಣ ಅಂತ ನಂಗೆ ಗೊತ್ತೈತೆ ಯಶೋದಾ. ಆದ್ರೆ ಆ ವಿಡಿಯೋ ದುರ್ಗಕ್ಕೂ ಮುಟ್ಟೈತೆ. ನಾನು ಕರ್ಕಂಡು ಹೋಗ್ದಿದ್ರೆ ನನ್ನ ಬಿಡಲ್ಲ," ಅಂದ್ರು. ಬೀರೇಶನ್ನ ಕೇಳಿದ್ರು, ನೀನು ಹಾಕಿದ್ದಾ ಅಂತ. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ನೆಲ ನೋಡ್ಕಂತಾ ನಿಂತ. ಅವ್ನು ಇಲ್ಲ ಅಂದ್ರೆ ಮತ್ಯಾರು ಅಂತ ಕೇಳ್ತಾರಲ್ಲ! ನನ್ನ ನಾಲಿಗೆ ತುದೀಗೆ ಮಾತು ಬಂತು. ಅವ್ವನ ಹೆಸ್ರು ಹೇಳಿದ್ರೆ ಮಂಡಿ ನೋವಿನ ಮುದುಕಿ ಜೈಲಿಗೆ. ಹೇಳ್ದಿದ್ರೆ ಅಣ್ಣ. ನುಂಗಿದೆ.

ಜೀಪು ಹಟ್ಟಿಗೆ ಬರೋ ಹೊತ್ತಿಗೆ ಕುರಿ ಮನೆಗೆ ಬರೋ ಸಮಯ. ಜನ ಎಲ್ಲ ಗುಡಿ ಮುಂದೆ ಸೇರಿತ್ತು. ಅವ್ವ ಜೀಪಿಗೆ ಅಡ್ಡ ಬಂದು ನಿಂತ್ಲು.

"ಯಾರೋ ವಿಷ ಹಾಕವ್ರಂತೆ? ನನ್ನ ಕರಿಮೂತಿಗೆ? ಹುಲಿ ಪಾಲಿಗೆ?"

"ಹೌದಮ್ಮ," ಅಂದ್ರು ಸಾಹೇಬ್ರು, ಮೆಲ್ಲಗೆ.

"ನನ್ನ ಮಗ ಅಲ್ಲ ಸ್ವಾಮಿ! ಬಾಯಿ ಬಡುಕ, ಅಷ್ಟೇ. ಅವ್ನ ಕೈಯಾಗೆ ಅಂಥದ್ದು ಆಗಲ್ಲ. ಇದು ಯಾವನೋ ಮನೆಹಾಳನ ಕೆಲ್ಸ!" ಅಂದವ್ಳೇ ಬಗ್ಗಿ ಬೀರಪ್ಪನ ಗುಡಿ ಮುಂದಿನ ಮಣ್ಣು ಎರಡೂ ಕೈಯಾಗೆ ಬಾಚಿದ್ಲು. ಹಟ್ಟಿ ಜನ ಹಿಂದಕ್ಕೆ ಸರಿದ್ರು. ನಮ್ಮಾಗೆ ದೇವ್ರ ಮುಂದೆ ಮಣ್ಣು ತೂರಿದ್ರೆ ಮುಗೀತು, ಆ ಮಾತು ತಟ್ಟದೆ ಇರಲ್ಲ ಅಂತಾರೆ. ಅವ್ವ ನನಗೆ ಗೊತ್ತಿದ್ದಂಗೆ ಯಾರಿಗೂ ತೂರಿದೋಳಲ್ಲ. ಬೈಯ್ಯಾಕೂ ಹಿಂದೆ ಮುಂದೆ ನೋಡೋಳು.

"ಅವ್ವಾ, ಬ್ಯಾಡ!" ಅಂತ ಹೋಗಿ ಕೈ ಹಿಡ್ಕಂಡೆ. ಕೊಡವಿದ್ಲು.

"ಬೀರಪ್ಪ, ನೀನೇ ನೋಡ್ಕ! ಆ ಮೂಕ ಪ್ರಾಣಿ ಅನ್ನಕ್ಕೆ ವಿಷ ಬೆರೆಸಿದ ಕೈ ಸೇದಿ ಹೋಗ್ಲಿ! ಅವ್ರು ಹೆತ್ತ ಮಕ್ಕಳು ಅವ್ರ ಬಾಯಿಗೆ ನೀರು ಬಿಡಾಕೂ ಇಲ್ದಂಗಾಗ್ಲಿ!" ಅಂತ ಗಾಳಿಗೆ ತೂರಿದ್ಲು. ಗಾಳಿ ನಮ್ಮ ಕಡೆಗೇ ಬೀಸ್ತಿತ್ತು. ಅವ್ಳ ತಲೆ ಮ್ಯಾಲೆ, ನನ್ನ ಕಾಕಿ ಮ್ಯಾಲೆ, ಜೀಪಿನಾಗಿದ್ದ ಬೀರೇಶನ ಮುಖಕ್ಕೆ ಮಣ್ಣು ಬಂದು ಬಿತ್ತು.

ಇನ್ನೊಂದು ಹಿಡಿ ಬಾಚಿ ನನ್ನ ಕೈಗೆ ಇಟ್ಲು. "ನೀನೂ ತೂರು. ನೀನು ಸರ್ಕಾರದೋಳು, ನಿನ್ನ ಮಾತು ನಂಬ್ತಾರೆ. ನಮ್ಮಣ್ಣ ಅಲ್ಲ, ಹಾಕಿದೋರು ಯಾರಾದ್ರೂ ಅವ್ರ ಮನೆ ಹಾಳಾಗ್ಲಿ ಅಂತ ತೂರು. ತೂರೇ!"

ಜನ ಎಲ್ಲ ನನ್ನೇ ನೋಡ್ತಿತ್ತು. ಸಾಹೇಬ್ರೂ ನೋಡ್ತಿದ್ರು. ಬೀರೇಶ ಜೀಪಿನಾಗಿಂದ ಬ್ಯಾಡ ಅನ್ನಂಗೆ ತಲೆ ಆಡಿಸ್ದ. ನನ್ನ ಮುಷ್ಟಿ ಬಿಚ್ಚಲಿಲ್ಲ. ಬಿಚ್ಚಿದ್ರೆ ಹೆತ್ತವ್ವಗೆ ಶಾಪ.

ಅವ್ವ ನನ್ನ ಮುಖಾನೇ ನೋಡಿದ್ಲು. ಆಮ್ಯಾಲೆ ಅವ್ಳ ದನಿ ಇಳೀತು. "ಹಂಗಾದ್ರೆ ನಿಂಗೂ ಅನುಮಾನ ಐತೆ. ಒಡಹುಟ್ಟಿದೋನ ಮ್ಯಾಲೆ."

ಜೀಪು ಹೊರಟೋಯ್ತು. ನಾಳೆ ಮನೆ ಮನೆ ಹುಡುಕ್ತಾರಂತೆ ಅಂತ ಯಾರೋ ಅಂದ್ರು. ಅವ್ವ ನನ್ನ ಕಡೆ ತಿರುಗದೆ ರೊಪ್ಪಕ್ಕೆ ಹೋದ್ಲು. ನಾನು ಮಣ್ಣಿನ ಮುಷ್ಟಿ ಹಂಗೇ ಹಿಡ್ಕಂಡು ಹಿಂದೆ ಹೋದೆ, ಇನ್ನೆಲ್ಲಿಗೆ ಹೋಗ್ಲಿ? ಒಂದು ಕುರಿ ಆಗಷ್ಟೇ ಈದಿತ್ತು. ಒದ್ದೆ ಮರಿ ಏಳಾಕೆ ನೋಡ್ತಿತ್ತು. ಅವ್ವ ಅಳ್ತಾ ಅಳ್ತಾನೇ ಅದನ್ನ ಒರೆಸಿ, ತಾಯಿ ಮೊಲೆಗೆ ಹಚ್ಚಿ, ಮಕ್ಕರಿ ಎಳ್ಕಂಡ್ಲು. ಗೋಡೆ ಮ್ಯಾಲಿದ್ದ ಡಬ್ಬಿ ತೆಗೆದು ಅಲ್ಲಾಡಿಸಿದ್ಲು. ಸದ್ದು ಬರ್ಲಿಲ್ಲ. ಆಮ್ಯಾಲೆ ನನ್ನ ಕಡೆ ತಿರುಗಿದ್ಲು.

"ನಿಮ್ಮಣ್ಣ ಇಲ್ಲ, ಇನ್ಯಾರು ಮಾಡಿ ಕೊಡ್ತಾರೆ. ಈ ಮರಿಗೆ ಹಾಕಾಕೆ ಒಂದೀಟು ಪುಡಿ ಬೇಕು. ಮಾಡಿ ಕೊಡ್ತೀಯಾ?" ಅಂತ ಡಬ್ಬಿ ನನ್ನ ಕಡೆ ಚಾಚಿದ್ಲು.

ಇಸ್ಕಳ್ಳಾಕೆ ಕೈ ಬಿಚ್ಚಿದೆ. ಮಣ್ಣು ಅವ್ವನ ಕಾಲ ಮ್ಯಾಲೆ ಬಿತ್ತು.